ಮದುಮಗಳು ಹಿಮಕ್ಕಿಳಿದಳು

ಹಳೇ ಗಣಿ ಓಣಿ,
ಕೆವೀನಾ, ಮಿಶಿಗನ್
ಫೆಬ್ರವರಿ ೧೧, ಬುಧವಾರ

ಬಿಸಿಲಲ್ಲಿ ಕೂತಿರುವ ರೂಬನ್‌ಗೆ, ಮೊಣಕಾಲುದ್ದ ಹಿಮದಲ್ಲಿ ನಿಂತವಳು ಬರೆಯುವುದು,

ನಾನು ಚೆನ್ನಾಗಿದ್ದೇನೆ. ಮನೆಯೂ ಚೆನ್ನಾಗಿದೆ. ನಿನ್ನ ಎದೆಯ ಹೊಲಿಗೆ ಪೂರ್ತಿ ಮಾಯಿತೇ? ಮಾತ್ರೆ ಹೊತ್ತುಹೊತ್ತಿಗೆ ನುಂಗುತ್ತಿದ್ದೀಯೋ, ಇಲ್ಲ ನಿನ್ನ ಅಣ್ಣ ವರ್ನರ್ ಜೊತೆ ಇಸ್ಪೀಟಿಗೆ ಕೂತು ಮರೆಯುತ್ತಿದ್ದೀಯೋ? ಈ ಪ್ರಶ್ನೆಗೆ ಸುಳ್ಳು ಬರೆಯಬೇಡ. ನಿನ್ನ ಸುಳ್ಳು ಕಾಗದದ ಮೇಲೂ ನನಗೆ ಗೊತ್ತಾಗುತ್ತದೆ.

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಒಲೆಯ ಹತ್ತಿರ ಹೋದಾಗಲೆಲ್ಲ ಒಂದು ಸಲ ಓದುತ್ತೇನೆ, ಸಿಟ್ಟು ಬರುತ್ತದೆ, ಸೌಟು ಕೈಗೆತ್ತಿಕೊಳ್ಳುತ್ತೇನೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಕೂತ ತಕ್ಷಣ ಹಿಮ ಶುರುವಾಗುತ್ತದೆ, ಏಳುತ್ತೇನೆ. ಇವತ್ತೂ ಸರೋವರದ ಕಡೆಯಿಂದ ಕಪ್ಪಗೆ ಕಟ್ಟಿಕೊಂಡು ಬರುತ್ತಿದೆ, ನಡುವೆ ಎದ್ದು ಹೋಗಬೇಕಾದೀತು. ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವರ್ನರ್ ಮನೆಯ ಪಕ್ಕದಲ್ಲೇ ಎರಡು ಕೋಣೆಯ ಮನೆ ನೋಡಿದ್ದೀಯ. ಮುಂದೆ ನಿಂಬೆ ಗಿಡ ಇದೆ. ಮೆಟ್ಟಿಲಿಲ್ಲ. ಹೃದಯದ ಡಾಕ್ಟರು ಹತ್ತು ನಿಮಿಷದ ದಾರಿಯಲ್ಲಿದ್ದಾರೆ. ವಸಂತದಲ್ಲಿ ಇಲ್ಲಿಯ ಮನೆ ಮಾರಿ ನಾನೂ ಅರಿಜೋನಾಕ್ಕೆ ಬಂದುಬಿಡಬೇಕು. ಮನೆಯೊಡೆಯ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾನಂತೆ. ಎಲ್ಲ ಓದಿದ್ದೇನೆ. ಹೂಂ ಅಥವಾ ಊಹೂಂ ಅಂತ ಒಂದು ಮಾತು ಬರೆದು ಕಳಿಸು ಅಂದಿದ್ದೀಯ. ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ನೀನು ಕೇಳಲೇಬೇಕಾದ ಸಂಗತಿ ಒಂದಿದೆ. ಓದುವಾಗ ಕೂತುಕೊಂಡೇ ಓದು.

ನಿನ್ನ ಮದುಮಗಳನ್ನು ಹಿಮಕ್ಕೆ ಇಳಿಸಿದ್ದೇನೆ.

ಕೂತಿದ್ದೀಯ ತಾನೆ? ಹೌದು, ಅವಳನ್ನೇ. ನಿನ್ನಪ್ಪನ ಕಾಲದ ಆ ಕೆನೆ ಬಣ್ಣದ ತೋಟದ ಟ್ರ್ಯಾಕ್ಟರನ್ನು. ಬೋನೆಟ್ಟಿನಿಂದ ಮೊಳೆಯವರೆಗೆ ಬಿಚ್ಚಿ, ಉಜ್ಜಿ, ಬಣ್ಣ ಬಳಿದು, ವರ್ಷಕ್ಕೊಂದು ಸಲ ಜುಲೈ ಮೆರವಣಿಗೆಗೆ ಮಾತ್ರ ಹೊರಗೆ ತೆಗೆದು, ಮಿಕ್ಕ ದಿನವೆಲ್ಲ ಕಂಬಳಿ ಹೊದಿಸಿ ಮಲಗಿಸುತ್ತಿದ್ದೆಯಲ್ಲ, ಅವಳನ್ನು. ನನಗೆ ಜ್ವರ ಬಂದಾಗಲೂ ಅಷ್ಟು ಚೆನ್ನಾಗಿ ಕಂಬಳಿ ಹೊದಿಸಿದವನಲ್ಲ ನೀನು. ಅವಳ ಮುಂದೆ ಸಿಕ್ಕಿಸಿದ್ದ ಆ ಫಳಫಳ ಹೊಳೆಯುವ ಬ್ಲೋವರ್, ಹಿಮ ಕಡಿದು ದೂರ ಎಸೆಯಲೆಂದೇ ಇರುವುದು, ಒಂದು ಹಿಡಿ ಹಿಮವನ್ನೂ ಕಂಡಿರಲಿಲ್ಲ. ಈಗ ಚೆನ್ನಾಗಿ ಕಂಡಿದೆ.

ಯಾಕೆ ಅಂತ ಹೇಳುತ್ತೇನೆ, ತಾಳು.

ಸ್ವಲ್ಪ ಇರು. ಒಲೆಗೆ ಕಟ್ಟಿಗೆ ಹಾಕಿ ಬರುತ್ತೇನೆ. ಈ ಬೆಕ್ಕು ಬೇರೆ ಒಲೆಯ ಮುಂದೆ ಅಡ್ಡ ಮಲಗಿದೆ, ಏಳು ಅಂದರೆ ಏಳುವುದಿಲ್ಲ. ಪಕ್ಕದ ಮನೆಯ ಸೈಮಾ ಸಾಕಿದ್ದಲ್ಲವೇ, ಅವಳದೇ ಹಟ.

ನವೆಂಬರಿನಲ್ಲಿ ನೀನು ಆಸ್ಪತ್ರೆಯಿಂದ ಬಂದಾಗ ಡಾಕ್ಟರು ನಿನಗೆ ಏನು ಹೇಳಿದರು ಅಂತ ನೆನಪಿದೆಯಾ? ಚಳಿಯಲ್ಲಿ ಕೆಲಸ ಕೂಡದು, ಹಿಮ ಎತ್ತುವ ಮಾತೇ ಕೂಡದು. ಆಯಿತು, ಗೊಣಗನ ಮೇಲೆ ನಾನು ಕೂರುತ್ತೇನೆ ಅಂದೆ. ಗೊಣಗ ಅಂದರೆ ನಿನ್ನ ಇನ್ನೊಂದು ಟ್ರ್ಯಾಕ್ಟರು, ಆ ತುಕ್ಕು ಹಿಡಿದ ಕೆಂಪು ಗಡವ. ನೀನು ಹೆಸರಿಟ್ಟೆ, ನಾನು ನಿನಗೂ ಅದೇ ಹೆಸರಿಟ್ಟೆ. ನಾನು ಓಡಿಸುತ್ತಿದ್ದರೆ ನೀನು ಜಗುಲಿಯ ಮೇಲೆ ನಿಂತು "ಚೋಕ್ ತಳ್ಳು, ಚೋಕ್ ತಳ್ಳು... ಅಯ್ಯೋ, ಗಾಳಿ ಎದುರಿಗೆ ಊದ್ತೀಯಲ್ಲೇ, ಹಿಮ ಎಲ್ಲಾ ನಿನ್ನ ಮುಖಕ್ಕೇ ಬರತ್ತೆ" ಅಂತ ಕೂಗುತ್ತಿದ್ದೆ. ಕಲ್ಲು ಸಿಕ್ಕಿ ಬ್ಲೋವರಿನ ಪಿನ್ನು ಮುರಿದಾಗ ಬೇರೆ ಹಾಕಲು ಇಳಿದೆ. ನನ್ನ ಬೆರಳ ಗಂಟುಗಳು ನಿನಗೆ ಗೊತ್ತೇ ಇದೆ, ಚಳಿಗೆ ಮಡಚುವುದೇ ಇಲ್ಲ. ಪಿನ್ನು ಕೈಜಾರಿ ಹಿಮದೊಳಗೆ ಬಿತ್ತು. ಇನ್ನೊಂದು ತೆಗೆದೆ, ಅದೂ ಬಿತ್ತು. ಮೂರನೆಯದನ್ನು ನಾನೇ ಸಿಟ್ಟಿನಿಂದ ಬಿಸಾಡಿದೆ. ನೀನು ಕೋಟಿಲ್ಲದೆ ಮೆಟ್ಟಿಲಿಳಿದು ಬಂದೆ. "ಎಲ್ಲಾದ್ರೂ ಬಿಸಿಲಿಗೆ ಹಾಳಾಗಿ ಹೋಗು, ನನ್ನ ತಲೆ ತಿನ್ಬೇಡ" ಅಂತ ನಾನು ಕಿರುಚಿದೆ. ನೀನು ಹೋದೆ. ಆ ವಾರವೇ ವರ್ನರ್ ಬಂದು ನಿನ್ನನ್ನು ನಿನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದ.

ಜಗಳ ನಮಗೆ ಹೊಸದಲ್ಲ. ಈ ಸಲ ನೀನು ತಿರುಗಿ ಬರಲಿಲ್ಲ, ಅದು ಹೊಸದು.

ಹೊರಡುವ ದಿನ ಬೆಳಿಗ್ಗೆ ನೀನು ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ವರ್ನರ್ ಕಾರು ಚಾಲೂ ಮಾಡಿ ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಅಡುಗೆಮನೆ ಕಿಟಕಿಯಿಂದ ನೋಡಿ, ನೋಡು, ಟ್ರ್ಯಾಕ್ಟರುಗಳಿಗೆ ವಿದಾಯ ಹೇಳೋದಕ್ಕೆ ಇವನಿಗೆ ಇಷ್ಟು ಹೊತ್ತು ಬೇಕು, ನನಗಾದರೆ ಬಾಗಿಲಲ್ಲೇ ಒಂದು "ಬರ್ತೀನಿ" ಸಾಕು ಅಂತ ಹಲ್ಲು ಕಡಿದೆ. ಈ ಮಾತು ನೆನಪಿಟ್ಟುಕೊ, ಮತ್ತೆ ಬರುತ್ತದೆ.

ಶುರುವಾಯಿತು ನೋಡು ಹೊರಗೆ. ದಪ್ಪ ದಪ್ಪ ಚಕ್ಕೆ. ಇನ್ನೂ ಏಳುವಷ್ಟಿಲ್ಲ.

ನೀನು ಹೋದ ಮೇಲೆ ಓಣಿ ನನ್ನ ಪಾಲಿಗೆ ಬಂತು. ಹಿಮ ತೆಗೆಯುವ ಕೌಂಟಿಯವರ ಲಾರಿ ದೊಡ್ಡ ರಸ್ತೆ ಬಿಟ್ಟು ಒಳಗೆ ಬರುವುದಿಲ್ಲ. ಓಣಿಯಲ್ಲಿ ಇರುವುದು ಎರಡೇ ಮನೆ, ನಮ್ಮದು, ಸೈಮಾಳದು. ಅವಳಿಗೆ ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಕಿಡ್ನಿಯ ಡಯಾಲಿಸಿಸ್ ಮಾಡಿಸಬೇಕು. ಓಣಿ ತೆರೆದಿದ್ದರೆ ಆಸ್ಪತ್ರೆಯ ವ್ಯಾನು ಒಳಗೆ ಬರುತ್ತದೆ, ಇಲ್ಲದಿದ್ದರೆ ಬಾಯಲ್ಲೇ ನಿಂತು ಹಿಂದಿರುಗುತ್ತದೆ. ಇಷ್ಟು ವರ್ಷ ನೀನು ಅವಳ ಮನೆಯ ಮುಂದೆ ಮೊದಲು ಹಿಮ ತೆಗೆದು ಆಮೇಲೆ ನಮ್ಮದಕ್ಕೆ ಬರುತ್ತಿದ್ದೆ. ಯಾರೂ ಕೇಳುವುದಿಲ್ಲ, ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಶನಿವಾರ ನಾವು ಸೌನಾದಲ್ಲಿ ಹಬೆಸ್ನಾನ ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಬಟ್ಟೆ ಮುಚ್ಚಿದ ಏಲಕ್ಕಿ ಬನ್ನು ಇರುತ್ತದೆ ಅಷ್ಟೆ. ನಾನೂ ಹಾಗೇ ಮಾಡಿದೆ. ಬನ್ನು ಬಂತು. ನಿನ್ನ ಪಾಲಿನದನ್ನೂ ನಾನೇ ತಿಂದೆ.

ಡಿಸೆಂಬರ್ ಪೂರ್ತಿ ಗೊಣಗ ಚೆನ್ನಾಗಿಯೇ ದುಡಿದ. ನೀನು ಹೇಳಿದ್ದೆಲ್ಲ ಮಾಡಿದೆ. ಶೆಡ್ಡಿಗೆ ಹೀಟರ್ ಇಡಲಿಲ್ಲ, ಬೆಚ್ಚಗಿದ್ದ ಗಾಡಿ ಹೊರಗೆ ಬಂದರೆ ಬೆವತು ಹೆಪ್ಪುಗಟ್ಟುತ್ತದೆ ಅನ್ನುತ್ತಿದ್ದೆಯಲ್ಲ. ಬ್ಲೋವರನ್ನು ಹಲಗೆಯ ಮೇಲೆ ಇಳಿಸಿದೆ, ನೆಲಕ್ಕೆ ಅಂಟಬಾರದು ಅಂತ. ಹಿಮ ಉಗುಳುವ ಕೊಳವೆಗೆ ಅಡುಗೆ ಎಣ್ಣೆ ಸವರಿದೆ. ಒಂದು ವಿಷಯ ಮಾತ್ರ ನನಗೆ ಆಶ್ಚರ್ಯ. ಅಷ್ಟು ದಿನದಲ್ಲಿ ಒಂದು ಪಿನ್ನೂ ಮುರಿಯಲಿಲ್ಲ. ನಿನ್ನ ಕಾಲದಲ್ಲಿ ವಾರಕ್ಕೊಂದು ಮುರಿಯುತ್ತಿತ್ತು. ನನಗೆ ಎಂಥ ಜಂಬ ಬಂತು ಗೊತ್ತಾ? ನಿನಗಿಂತ ನಾನೇ ವಾಸಿ ಓಡಿಸ್ತೀನಿ ಅಂದುಕೊಂಡೆ. ಸೈಮಾಳ ಹತ್ತಿರ ಹೇಳಿಕೊಂಡೂ ಬಂದೆ.

ಜನವರಿ ಕೊನೆಯ ಮಂಗಳವಾರ ಜಂಬ ಇಳಿಯಿತು. ಬಾಗಿಲ ಹಿಡಿಕೆಯವರೆಗೆ ಹಿಮ. ಶನಿವಾರದ ಬಿರುಗಾಳಿಗೆ ವ್ಯಾನು ಹಿಂದಿರುಗಿ ಹೋಗಿತ್ತು, ಸೈಮಾಳಿಗೆ ಒಂದು ಸರದಿ ತಪ್ಪಿತ್ತು. ಕಾಲು ಊದಿಕೊಂಡು ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಎರಡನೆಯದು ತಪ್ಪಿದರೆ ಉಳಿಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಳಕು ಹರಿಯುತ್ತಲೇ ಶುರು ಮಾಡಿ ಓಣಿಯ ಬಾಯಿಯವರೆಗೂ ಬಂದೆ. ಅಲ್ಲಿ ಕೌಂಟಿಯ ಲಾರಿ ತಳ್ಳಿ ಹೋದ ದಿಬ್ಬ. ಅದೊಂದನ್ನು ಕಡಿದರೆ ಆಯಿತು. ದಿಬ್ಬದೊಳಗೆ ನಮ್ಮ ಅಂಚೆ ಡಬ್ಬಿಯ ಕಂಬ ಹೂತಿತ್ತು, ಲಾರಿ ಗುದ್ದಿ ಕೆಡವಿದ್ದು. ನೀನೇ ನೆಟ್ಟ ಓಕ್ ಕಂಬ. ಗೊಣಗನ ಬ್ಲೋವರು ಅದನ್ನು ಕಚ್ಚಿತು.

ಪಿನ್ನು ಟಕ್ ಅನ್ನುವುದನ್ನು ಕಾದೆ. ಟಕ್ ಅನ್ನಲಿಲ್ಲ. ಒಳಗೆಲ್ಲೋ ದಬಾರ್ ಅಂತ ಸದ್ದಾಗಿ ಇಡೀ ಗಾಡಿ ಒಂದು ಸಲ ಎಗರಿತು. ಇಳಿದು ನೋಡಿದರೆ ಗೇರ್‌ಬಾಕ್ಸ್ ಒಡೆದು ಹಿಮದ ಮೇಲೆ ಕಪ್ಪಗೆ ಎಣ್ಣೆ ಸೋರುತ್ತಿತ್ತು.

ದೊಡ್ಡ ರಸ್ತೆಯ ಆಚೆಯಿಂದ ಎಲ್ರಾಯ್ ಓಡಿ ಬಂದ. ಹಳೇ ಟ್ರ್ಯಾಕ್ಟರ್ ಕಂಡರೆ ಜೊಲ್ಲು ಸುರಿಸುವ ನಿನ್ನ ಜೋಡಿ, ಅವನು ಸದ್ದು ಕೇಳಿಯೇ ಏನು ಮುರಿದಿದೆ ಅಂತ ತಿಳಿದಿದ್ದ. ಮಂಡಿಯೂರಿ ಬ್ಲೋವರಿನೊಳಗೆ ಟಾರ್ಚ್ ಬಿಟ್ಟ.

"ಆರ್ಡಿಸ್, ಇಲ್ಲಿ ಗಟ್ಟಿ ಬೋಲ್ಟ್ ಹಾಕಿದಾರೆ. ಪಿನ್ನೇ ಇಲ್ಲ. ಯಾವ ಪೆದ್ದ ಹಾಕಿದ್ದು ಇದನ್ನ?"

"ನೀನೇ ಇರ್ಬೇಕು. ರೂಬನ್ ಬಿಟ್ರೆ ಆ ಗಾಡಿ ಮುಟ್ಟೋನು ನೀನೊಬ್ಬನೇ ತಾನೆ?"

"ನನ್ನ ತಾಯಾಣೆ ನಾನಲ್ಲ. ರೂಬನ್ ಅಂತೂ ಸತ್ರೂ ಹಾಕೋನಲ್ಲ."

ಅದು ನಿಜ. ನಮ್ಮ ಮದುವೆಯಾದಾಗಿನಿಂದ ನಿನ್ನ ಬಾಯಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. "ಆ ಪಿನ್ನು ಇರೋದೇ ಮುರಿಯೋಕೆ ಆರ್ಡಿಸ್, ಅದು ಮುರಿದ್ರೆ ಮಿಕ್ಕಿದ್ದೆಲ್ಲಾ ಉಳಿಯತ್ತೆ." ಟ್ರ್ಯಾಕ್ಟರ್ ಪ್ರದರ್ಶನದಲ್ಲಿ ಗಟ್ಟಿ ಬೋಲ್ಟು ಹಾಕಿದ್ದ ಆ ಬಡಪಾಯಿಗೆ ಅವನ ಹೆಂಡತಿಯ ಎದುರೇ ಹೇಗೆ ಬೈದಿದ್ದೆ. ಅವರು ಮುಂದಿನ ವರ್ಷ ಬರಲೇ ಇಲ್ಲ.

ಎಲ್ರಾಯ್ ಬೋಲ್ಟು ಬಿಚ್ಚಿ ಅಂಗೈ ಮೇಲಿಟ್ಟುಕೊಂಡ. ಟೋಪಿ ತೆಗೆದು ತಲೆ ಕೆರೆದುಕೊಂಡ, ನನ್ನ ಮುಖ ನೋಡಲಿಲ್ಲ. ನಾನು ಇಣುಕಿದೆ. ನಟ್ಟಿನ ಮೇಲೆ ಗುಲಾಬಿ ಬಣ್ಣದ ಚುಕ್ಕೆ. ನನ್ನ ನೇಲ್ ಪಾಲಿಶ್.

ಬಿಗಿ ಮಾಡಿದ ನಟ್ಟಿಗೆಲ್ಲ ನನ್ನ ನೇಲ್ ಪಾಲಿಶ್ ಕದ್ದು ಗುರುತು ಹಚ್ಚುವ ಗಂಡಸು ಈ ಕೌಂಟಿಯಲ್ಲಿ ಒಬ್ಬನೇ.

ನಾನು ಅಲ್ಲೇ ನಿಂತುಬಿಟ್ಟೆ, ರೂಬನ್. ವರ್ನರ್ ಹಾರ್ನ್ ಹೊಡೆಯುತ್ತಿದ್ದದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು. ನೀನು ಟ್ರ್ಯಾಕ್ಟರಿಗೆ ವಿದಾಯ ಹೇಳುತ್ತಿರಲಿಲ್ಲ. ಎದೆ ಹೊಲಿಸಿಕೊಂಡವನು, ಬಗ್ಗಬಾರದವನು, ಆ ತಣ್ಣನೆಯ ನೆಲದ ಮೇಲೆ ಮಲಗಿ ಗಟ್ಟಿ ಬೋಲ್ಟು ಹಾಕುತ್ತಿದ್ದೆ. ನಾನು ಹಿಮದಲ್ಲಿ ಇಳಿದು ಈ ಬೆರಳುಗಳಿಂದ ಪಿನ್ನು ತಡಕಾಡಬಾರದು ಅಂತ. ನಿನ್ನನ್ನು ಹಾಳಾಗಿ ಹೋಗು ಅಂದವಳಿಗೋಸ್ಕರ. ಜನ್ಮವೆಲ್ಲ ಊರಿಗೆ ಬುದ್ಧಿ ಹೇಳಿದ ಪೆದ್ದಗೆಲಸವನ್ನು ನೀನೇ ಮಾಡಿದೆ, ಮಾಡಿ ಅಭ್ಯಾಸಬಲಕ್ಕೆ ಚುಕ್ಕೆಯನ್ನೂ ಇಟ್ಟೆ.

ಸಿಟ್ಟು ಬಂತು. ಅಳುವೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ.

ಇರು, ಈಗ ಏಳಲೇಬೇಕು. ಕಿಟಕಿಯ ಅಂಚು ಮುಚ್ಚುತ್ತಾ ಬಂತು.

ಬಂದೆ. ಓಣಿಯ ಬಾಯಿಯವರೆಗೆ ಒಂದು ಸಲ ಹೋಗಿ ತೆಗೆದು ಬಂದೆ, ಗಾಳಿ ಇನ್ನೂ ತಿರುಗುತ್ತಿದೆ, ಮಧ್ಯಾಹ್ನ ಮತ್ತೆ ಹೋಗಬೇಕು. ಚಳಿಗೆ ಬೆರಳು ಮರಗಟ್ಟಿ ಅಕ್ಷರ ಹೀಗೆ ಬಂದಿದೆ, ಬೇರೇನಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆ?

ಶೆಡ್ಡಿಗೆ ಓಡಿದೆ, ಕಂಬಳಿ ಕಿತ್ತೆಸೆದೆ. ಎಲ್ರಾಯ್ ಬಾಗಿಲಲ್ಲೇ ನಿಂತು "ಬೇಡ ಆರ್ಡಿಸ್, ಅವಳನ್ನ ಮಾತ್ರ ಬೇಡ. ಸಲಿಕೆ ತಗೊಂಡು ಇಬ್ರೂ ತೆಗೆಯೋಣ" ಅಂತ ಗೋಗರೆದ. ನೀನು ಸತ್ತರೂ ಅವನು ಅಷ್ಟು ಅಳುವುದಿಲ್ಲ. ನಾನು ಗೊಣಗನ ಬ್ಯಾಟರಿ ಕಿತ್ತು ತಂದು ಅವಳಿಗೆ ಹಾಕಿದೆ. ಒಣಗಿದ್ದ ಟ್ಯಾಂಕಿಗೆ ಪೆಟ್ರೋಲ್ ಸುರಿದೆ. ಹಿಮದಲ್ಲಿ ಜಾರದಂತೆ ಗೊಣಗನ ಚಕ್ರಗಳಿಗೆ ಸುತ್ತಿದ್ದ ತುಕ್ಕು ಚೈನುಗಳನ್ನು ಎಲ್ರಾಯ್ ಕೈಯಲ್ಲೇ ಬಿಚ್ಚಿಸಿ, ನೀನು ಮೇಣ ಉಜ್ಜಿದ್ದ ಆ ಬಿಳೀ ಚಕ್ರಗಳಿಗೆ ಬಿಗಿಸಿದೆ. ಅವನು ಬಿಗಿಸುವಾಗ ಮುಖ ಆ ಕಡೆ ತಿರುಗಿಸಿಕೊಂಡ.

ಹೇಳಬೇಕಾದ್ದು ಹೇಳಬೇಕು, ಅವಳು ಮೂರನೇ ಸಲಕ್ಕೇ ಎದ್ದಳು. ನಿನ್ನ ಕೈಗುಣ. ಹಿಮಕ್ಕೆ ಇಳಿದು ಒಂದು ಸಲ ಕೆಮ್ಮಿದಳು, ಆಮೇಲೆ ಹುಟ್ಟಿದಾಗಿನಿಂದ ಇದನ್ನೇ ಕಾಯುತ್ತಿದ್ದವಳ ಹಾಗೆ ನುಗ್ಗಿದಳು. ಒಂದು ಆಳೆತ್ತರಕ್ಕೆ ಹಿಮ ಚಿಮ್ಮಿತು. ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಅವಳಿಗೆ ಕಂಬಳಿ ಹೊದಿಸಿ ಏನು ಸಾಧಿಸಿದೆಯೋ.

ಸೈಮಾ ಅಷ್ಟು ಹೊತ್ತಿಗೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಕೈಯೆತ್ತಿದಳು.

"ಆರ್ಡಿಸ್, ಮದುಮಗಳನ್ನೇ ಹೊರಡಿಸಿದ್ಯಾ? ರೂಬನ್ ನಿನ್ನ ಸುಮ್ನೆ ಬಿಡ್ತಾನಾ?"

"ಬಿಟ್ಟೇ ಹೋಗಿದಾನಲ್ಲ ಸೈಮಾ, ಇನ್ನೇನು ಬಿಡೋದು?"

ಅವಳು ನಗಲಿಲ್ಲ. "ಬಿಟ್ಟು ಹೋದೋನು ದಿನಾ ಸಾಯಂಕಾಲ ನನಗೆ ಫೋನ್ ಮಾಡಿ ನಿನ್ನ ವಿಚಾರ ಯಾಕೆ ಕೇಳ್ತಾನೆ?" ಅಂದಳು. ಹೌದು, ನಿನ್ನ ಗುಟ್ಟು ರಟ್ಟಾಗಿದೆ. ಸೈಮಾಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಇಷ್ಟು ವರ್ಷದ ಮೇಲೂ ನಿನಗೆ ಗೊತ್ತಾಗಲಿಲ್ಲವೇ?

ವ್ಯಾನು ಒಳಗೆ ಬಂತು. ಸೈಮಾ ಹೋದಳು, ಸಾಯಂಕಾಲ ಕಾಲಿನ ಊತ ಇಳಿಸಿಕೊಂಡು ವಾಪಸು ಬಂದಳು. ಸಾಲದೇ?

ಈಗ ನಷ್ಟದ ಮಾತು. ಮದುಮಗಳ ಎಡಗೆನ್ನೆಯ ಮೇಲೆ ಒಂದು ಗೀರು ಬಿದ್ದಿದೆ, ಸೈಮಾಳ ಗೇಟಿಗೆ ತಾಗಿದ್ದು. ಚೈನು ಉಜ್ಜಿ ಚಕ್ರದ ಬಿಳಿ ಬಣ್ಣ ಹೋಗಿದೆ. ಅವಳಿಗೆ ಪಿನ್ನೇ ಹಾಕಿದ್ದೇನೆ, ಮೆತ್ತನೆಯದು. ಈಗಾಗಲೇ ಹಲವು ಮುರಿದಿವೆ, ನಾನೇ ಬದಲಾಯಿಸಿದೆ. ಹೇಗೆ ಅಂತೀಯ? ಬೆರಳ ತುದಿಗೆ ಚೂರು ಗ್ರೀಸು ಮೆತ್ತಿಕೊಂಡರೆ ಪಿನ್ನು ತಾನಾಗಿಯೇ ಅಂಟಿ ನಿಲ್ಲುತ್ತದೆ, ಬೆರಳು ಮಡಚುವುದೇ ಬೇಡ. ಇಷ್ಟೇ. ನೀನು ನನ್ನನ್ನು ಎರಡು ದಿನ ನನ್ನ ಪಾಡಿಗೆ ಬಿಟ್ಟಿದ್ದರೆ ಆಗಲೇ ಹೊಳೆಯುತ್ತಿತ್ತು. ನಾನು ಬೈದಾಗ ನೀನು ಎರಡು ದಿನ ತಡೆದುಕೊಂಡಿದ್ದರೂ ಆಗುತ್ತಿತ್ತು.

ಗೊಣಗನ ಗೇರ್‌ಬಾಕ್ಸ್ ಈಗ ನಮ್ಮ ಊಟದ ಮೇಜಿನ ಮೇಲೆ ಹಳೇ ಪೇಪರಿನಲ್ಲಿ ಕೂತಿದೆ. ಎಲ್ರಾಯ್ ತನ್ನ ಗುಜರಿಯಿಂದ ಅದೇ ಜಾತಿಯ ಇನ್ನೊಂದನ್ನು ಹುಡುಕಿ ತಂದುಕೊಟ್ಟ. ಎರಡನ್ನೂ ಸೇರಿಸಿದರೆ ಒಂದು ಒಳ್ಳೆಯದಾಗುತ್ತದಂತೆ. ಬಿಚ್ಚಿದವಳು ನಾನು. ಜೋಡಿಸುವುದು ನನ್ನಿಂದ ಆಗದು, ಎಲ್ರಾಯ್‌ಗೆ ಕೊಡುವುದಕ್ಕೆ ಮನಸ್ಸಿಲ್ಲ. ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತೇನೆ. ಒಲೆಯ ಪಕ್ಕ ಕೂತು ಮಾಡುವ ಕೆಲಸ ಅದು, ಚಳಿ ಸೋಕುವುದಿಲ್ಲ, ಭಾರ ಎತ್ತುವುದಿಲ್ಲ. ನಿನ್ನ ಡಾಕ್ಟರನ್ನು ಬೇಕಾದರೆ ಕೇಳಿ ನೋಡು.

ಈಗ ನಿನ್ನ ಹೂಂ, ಊಹೂಂ.

ನಾನು ಅರಿಜೋನಾಕ್ಕೆ ಬರುವುದಿಲ್ಲ, ರೂಬನ್. ನಿಂಬೆ ಗಿಡ ಚೆನ್ನಾಗಿರಲಿ. ನಾನು ಬಂದರೆ ಸೈಮಾಳಿಗೆ ಓಣಿ ತೆಗೆದುಕೊಡುವವರು ಯಾರು? ಆ ಮುದುಕಿಯನ್ನು ಬಿಟ್ಟು ನಾನು ಬಿಸಿಲು ಕಾಯಲು ಬರಲೇ? ಅದೊಂದೇ ಕಾರಣ, ಬೇರೆ ಏನೂ ಹುಡುಕಬೇಡ.

ನೀನು ಬಾ. ಬಂದು ಕಿಟಕಿಯ ಹತ್ತಿರ ಕೂತು ಗೊಣಗು. ಚೋಕ್ ತಳ್ಳು ಅಂತ ಗಾಜು ಬಡಿ. ನಾನು ಹೊರಗಿನಿಂದ ಬಾಯಿಗೆ ಬಂದದ್ದು ಬೈಯುತ್ತೇನೆ, ಇಂಜಿನ್ ಸದ್ದಿನಲ್ಲಿ ನಿನಗೆ ಕೇಳಿಸುವುದಿಲ್ಲ, ನಿನ್ನದು ನನಗೆ ಕೇಳಿಸುವುದಿಲ್ಲ. ನನಗೆ ನೀನು ಬೇಕು. ಇದನ್ನು ಬರೆಯುವುದಕ್ಕೇ ಇಷ್ಟು ಸಲ ಎದ್ದು ಕೂತೆ ಅಂತ ಕಾಣುತ್ತದೆ. ಬರೆದಾಯಿತು.

ಬೈದದ್ದಕ್ಕೂ ಕಾದದ್ದಕ್ಕೂ ನಿನ್ನವಳೇ ಆದ,
ಆರ್ಡಿಸ್

ತಾ.ಕ.: ಲಕೋಟೆ ಅಂಟಿಸಲು ಹೋದೆ, ಮನಸ್ಸು ಒಪ್ಪಲಿಲ್ಲ. ನೀನು ಸೈಮಾಳಿಗೆ ಫೋನ್ ಮಾಡುತ್ತೀಯಲ್ಲ, ಅವಳು ಈಗ ಎಲ್ಲಿಂದ ಮಾತಾಡುತ್ತಾಳೆ ಅಂತ ಹೇಳಬೇಡ ಎಂದು ನಾನೇ ಅವಳ ಬಾಯಿಗೆ ಬೀಗ ಹಾಕಿದ್ದೆ. ಈ ಒಂದು ಮಾತು ಮಾತ್ರ ಅವಳ ಹೊಟ್ಟೆಯಲ್ಲಿ ನಿಂತಿತು ನೋಡು. ಆ ಮಂಗಳವಾರದ ನಂತರ ಬಂದ ಭಾನುವಾರವೇ ಅವಳ ತಂಗಿಯ ಮಗಳು ಬಂದು ಅವಳನ್ನು ಆಸ್ಪತ್ರೆಯ ಹತ್ತಿರದ ತನ್ನ ಮನೆಗೆ ಕರೆದುಕೊಂಡು ಹೋದಳು, ಚಳಿಗಾಲ ಮುಗಿಯುವವರೆಗೆ. ಬೆಕ್ಕನ್ನು ನನಗೆ ಕೊಟ್ಟು ಹೋದಳು. ವ್ಯಾನು ಬರುವುದಿಲ್ಲ. ನನಗೆ ಬೇಕಾದ ಸಾಮಾನನ್ನು ಎಲ್ರಾಯ್ ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೇ ಜಾರಿ ಬಂದು ತಂದು ಹಾಕುತ್ತಾನೆ. ಈ ಓಣಿ ಈಗ ಯಾರಿಗೂ ಬೇಕಾಗಿಲ್ಲ. ಆದರೂ ದಿನಾ ಬೆಳಿಗ್ಗೆ ದೊಡ್ಡ ರಸ್ತೆಯವರೆಗೆ ತೆಗೆಯುತ್ತೇನೆ, ಗೇಟಿನ ತಿರುವಿನಲ್ಲಿ ಸ್ವಲ್ಪ ಅಗಲವಾಗಿಯೇ. ನಿನ್ನ ಕಾರು ಅಲ್ಲಿ ಜಾರುತ್ತದಲ್ಲ.